ಗರಿಯ ನೊಣವೂ ನಮ್ಮ ನಾಡಿನ ಗಾಳವೂ

ಎರೆಹುಳುವನ್ನು ಗಾಳಕ್ಕೆ ಸಿಕ್ಕಿಸಿ ಕೆರೆಯ ಏರಿಯ ಮೇಲೆ ಕುಳಿತು ಮೀನು ಹಿಡಿಯುವವರನ್ನು ಕಾಣದ ಬಾಲಕರು ನಮ್ಮ ಮಡಕಶಿರಾ, ರಾಯದುರ್ಗ ಸೀಮೆಗಳಲ್ಲಿ ವಿರಳ. ಆದರೆ ಹುಳುವೂ ಇಲ್ಲದೆ, ಹಿಟ್ಟಿನ ಉಂಡೆಯೂ ಇಲ್ಲದೆ, ಕೋಳಿಯ ಗರಿ, ರೇಷ್ಮೆಯ ನೂಲು, ಉಣ್ಣೆಯ ಎಳೆ ಇವುಗಳಿಂದ ಗಾಳದ ಮೇಲೆಯೇ ಒಂದು ನೊಣವನ್ನು ಕಟ್ಟಿ, ಆ ಹುಸಿನೊಣವನ್ನು ನೀರಿನ ಮೇಲೆ ಇಳಿಸಿ, ಮೀನು ಅದನ್ನು ನಿಜವೆಂದು ಬಗೆದು ಬಾಯಿ ಹಾಕುವಂತೆ ಮಾಡುವ ವಿದ್ಯೆಯೊಂದು ಲೋಕದಲ್ಲಿದೆಯೆಂದರೆ ಅವರು ನಗುವುದುಂಟು. ನಗುವವರು ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಕೆರೆಯ ದಡಕ್ಕೆ ಹೋಗಿ ನೋಡಬೇಕು. ಗೆದ್ದಲಿನ ರೆಕ್ಕೆಹುಳುಗಳು ಹುತ್ತದಿಂದ ಎದ್ದು, ಹಾರಲಾರದೆ ನೀರಿಗೆ ಬೀಳುತ್ತವೆ. ಆಗ ನೀರಿನ ಮೇಲೆಲ್ಲ ಚಿಕ್ಕ ಚಿಕ್ಕ ಬಳೆಗಳು ಮೂಡುತ್ತವೆ. ಒಂದೊಂದು ಬಳೆಯ ನಡುವೆಯೂ ಒಂದೊಂದು ಮೀನಿನ ಬಾಯಿ. ಈ ವಿದ್ಯೆಯ ಬೀಜವೆಲ್ಲ ಆ ನೋಟದಲ್ಲಿದೆ.

ಗಾಳದ ಮಾತೆತ್ತಿದೊಡನೆ ಕನ್ನಡಿಗರಾದ ನಮಗೆ ಮೊದಲು ನೆನಪಾಗಬೇಕಾದವನು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ. ಆರನೆಯ ವಿಕ್ರಮಾದಿತ್ಯನ ಮಗನಾದ ಈತನು 1138ರವರೆಗೆ ಆಳಿದನು. ಯುದ್ಧಗಳಿಗಿಂತ ಹೆಚ್ಚಾಗಿ ಪಾಂಡಿತ್ಯದಿಂದ ಹೆಸರಾಗಿ, ಸರ್ವಜ್ಞಭೂಪನೆಂಬ ಬಿರುದನ್ನು ಧರಿಸಿದನು. ಆತನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಗ್ರಂಥಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರೂ ಉಂಟು. ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ರಾಜ್ಯವನ್ನು ಪಡೆಯುವ ಬಗೆಯಿಂದ ಹಿಡಿದು ಅಡಿಗೆ, ಆನೆ, ಕುದುರೆ, ಸಂಗೀತ, ಚಿತ್ರ, ಆಟಗಳವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ಆ ಕಾಲದಲ್ಲಿ ನಮ್ಮ ಹೇಮಾವತಿಗೆ ಹೆಂಜೇರು ಎಂದು ಹೆಸರು. ಹಿಂದೆ ನೊಳಂಬರ ರಾಜಧಾನಿಯಾಗಿದ್ದ ಆ ಊರೂ ಅದನ್ನು ಸುತ್ತಿದ ನೊಳಂಬವಾಡಿಯೂ ಚಾಲುಕ್ಯರ ಅಧಿರಾಜ್ಯಕ್ಕೆ ಸೇರಿದ್ದುವು. ಆದುದರಿಂದ ಸೋಮೇಶ್ವರನನ್ನು ನಮ್ಮ ದೊರೆಯೆಂದೇ ನಮ್ಮ ಶಾಲೆಗಳಲ್ಲಿ ಹೇಳಿಕೊಡುವುದರಲ್ಲಿ ತಪ್ಪಿಲ್ಲ.

ಈ ಗ್ರಂಥದ ನಾಲ್ಕನೆಯ ವಿಂಶತಿಯಲ್ಲಿ ‘ಮತ್ಸ್ಯವಿನೋದ’ವೆಂಬ ಅಧ್ಯಾಯವಿದೆ. ಅರಸನು ಗಾಳದಿಂದ ಮೀನು ಹಿಡಿದು ಸಂತೋಷಪಡುವ ಬಗೆಯೇ ಅದರ ವಿಷಯ. ಮೀನುಗಳನ್ನು ಕಡಲಿನವು, ಹೊಳೆಯವು ಎಂದೂ, ಹುರುಪೆಯುಳ್ಳವು, ಇಲ್ಲದವು ಎಂದೂ ವಿಂಗಡಿಸಿ ಸುಮಾರು 35 ಜಾತಿಗಳನ್ನು ಹೆಸರಿಸಿದ್ದಾನೆ. ಯಾವ ಮೀನಿಗೆ ಯಾವ ಆಹಾರ ಪ್ರಿಯವೆಂಬುದನ್ನೂ ಹೇಳಿದ್ದಾನೆ. ಎಳ್ಳಿನ ಹಿಂಡಿ, ಧಾನ್ಯದ ಹಿಟ್ಟು, ಅನ್ನ, ಮಾಂಸ ಇವುಗಳಲ್ಲಿ ಆಯಾ ಮೀನಿಗೆ ಒಗ್ಗುವುದನ್ನು ಕೊಟ್ಟು ಮೊದಲು ಅವನ್ನು ಪೋಷಿಸಬೇಕು. ಗಾಳದ ಮಾತು ಆಮೇಲೆ. ಭಾರತದ ಪ್ರಾಣಿಸರ್ವೇಕ್ಷಣ ಇಲಾಖೆಯ ನಿರ್ದೇಶಕರಾಗಿದ್ದ ಮತ್ಸ್ಯಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ಲೇಖನ ಬರೆದು ವಿದ್ವಾಂಸರ ಗಮನಕ್ಕೆ ತಂದರು. ಅರಮನೆಯ ಕವಿಗಳು ಮೀನನ್ನು ಕಣ್ಣಿಗೆ ಹೋಲಿಸಿ ಸುಮ್ಮನಾಗುತ್ತಿದ್ದ ಕಾಲದಲ್ಲಿ ಈ ಅರಸನು ಮೀನಿನ ಬಾಯಿಯನ್ನೂ ಹೊಟ್ಟೆಯನ್ನೂ ಗಮನಿಸಿದನೆಂಬುದು ನಮಗೆ ದೊಡ್ಡ ಮಾತಾಗಿ ತೋರುತ್ತದೆ.

ಆದರೆ ಒಂದು ಎಚ್ಚರಿಕೆ ಬೇಕು. ನಮ್ಮವರಲ್ಲಿ ಕೆಲವರು ಪ್ರಾಚೀನರಿಗೆ ತಿಳಿಯದ ವಿದ್ಯೆಯೇ ಇಲ್ಲವೆಂದು ವಾದಿಸುವುದುಂಟು. ಮತ್ಸ್ಯವಿನೋದದ ಆಹಾರಗಳೆಲ್ಲ ಮೀನು ನಿಜವಾಗಿ ತಿನ್ನಬಲ್ಲ ಪದಾರ್ಥಗಳು. ಗರಿಯ ನೊಣ ಅಲ್ಲಿಲ್ಲ. ಸೋಮೇಶ್ವರನ ಹಿರಿಮೆಗೆ ಅವನು ಬರೆದುದೇ ಸಾಕು. ಬರೆಯದುದನ್ನು ಅವನ ತಲೆಗೆ ಕಟ್ಟಬೇಕಾಗಿಲ್ಲ.

ಗರಿಯ ನೊಣದ ಮೊದಲ ಸ್ಪಷ್ಟ ವರ್ಣನೆ ದೊರೆಯುವುದು ಏಲಿಯನ್ ಎಂಬ ರೋಮಿನ ಗ್ರಂಥಕಾರನಲ್ಲಿ. ಕ್ರಿ. ಶ. 200ರ ಸುಮಾರಿನಲ್ಲಿ ಗ್ರೀಕ್ ಭಾಷೆಯಲ್ಲಿ ಪ್ರಾಣಿಗಳನ್ನು ಕುರಿತು ಬರೆದ ಪುಸ್ತಕದಲ್ಲಿ ಆತನು ಮ್ಯಾಸಿಡೋನಿಯದ ಅಸ್ಟ್ರೇಯಸ್ ಎಂಬ ಹೊಳೆಯ ಸುದ್ದಿಯನ್ನು ಹೇಳುತ್ತಾನೆ. ಆ ಹೊಳೆಯ ಮೀನುಗಳು ನೀರಿನ ಮೇಲೆ ಹಾರಾಡುವ ಒಂದು ನೊಣವನ್ನು ತಿನ್ನುತ್ತಿದ್ದುವು. ನಿಜವಾದ ನೊಣವನ್ನೇ ಹಿಡಿದು ಗಾಳಕ್ಕೆ ಸಿಕ್ಕಿಸೋಣವೆಂದರೆ, ಮನುಷ್ಯನ ಕೈ ಸೋಕಿದೊಡನೆ ಅದರ ಬಣ್ಣ ಕೆಟ್ಟು ರೆಕ್ಕೆ ಬಾಡುತ್ತಿತ್ತು. ಆದುದರಿಂದ ಅಲ್ಲಿಯ ಬೆಸ್ತರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಕೊರಳ ಕೆಳಗಿನ ಮೇಣದ ಬಣ್ಣದ ಎರಡು ಗರಿಗಳನ್ನು ಅದಕ್ಕೆ ಕಟ್ಟಿದರು. ಆರು ಅಡಿಯ ಕೋಲು, ಅಷ್ಟೇ ಉದ್ದದ ದಾರ. ಅರಮನೆಯ ವಿನೋದವಲ್ಲ, ಹೊಟ್ಟೆಯ ಪಾಡು. ಹೀಗೆ ಹುಟ್ಟಿದ ವಿದ್ಯೆ ಮುಂದೆ ಶ್ರೀಮಂತರ ಆಟವಾದುದು ಇತಿಹಾಸದ ವಿನೋದ. ಜಪಾನಿನ ಬೆಟ್ಟದ ಹೊಳೆಗಳ ಬೆಸ್ತರಲ್ಲಿಯೂ ಇದೇ ಬಗೆಯ ಗರಿನೊಣದ ಸಂಪ್ರದಾಯವಿದೆ.

ಇಂಗ್ಲೆಂಡಿನಲ್ಲಿ 1496ರಲ್ಲಿ ಅಚ್ಚಾದ ಗಾಳದ ಒಂದು ಪುಸ್ತಕವು ಹನ್ನೆರಡು ನೊಣಗಳನ್ನು, ಯಾವ ತಿಂಗಳಿಗೆ ಯಾವುದು ಎಂಬುದರೊಡನೆ ವಿವರಿಸುತ್ತದೆ. ಅದನ್ನು ಜೂಲಿಯಾನಾ ಬರ್ನರ್ಸ್ ಎಂಬ ಸಂನ್ಯಾಸಿನಿ ಬರೆದಳೆಂಬ ಪ್ರತೀತಿಯನ್ನು ವಿದ್ವಾಂಸರು ಸಂಶಯಿಸುತ್ತಾರೆ. 1653ರಲ್ಲಿ ಐಸಾಕ್ ವಾಲ್ಟನನ ಪ್ರಸಿದ್ಧ ಪುಸ್ತಕ ಬಂದಿತು. ಅವನ ಮಿತ್ರ ಚಾರ್ಲ್ಸ್ ಕಾಟನ್ 1676ರಲ್ಲಿ ನೊಣದ ಭಾಗವನ್ನು ಬರೆದು ಅದಕ್ಕೆ ಸೇರಿಸಿದನು.

ಇನ್ನು ನೊಣವನ್ನು ಕಟ್ಟುವ ಕ್ರಮ. ಗಾಳವನ್ನು ಒಂದು ಚಿಕ್ಕ ಇಕ್ಕಳದಲ್ಲಿ ಬಿಗಿದು ನಿಲ್ಲಿಸುತ್ತಾರೆ. ಮೇಣ ಸವರಿದ ರೇಷ್ಮೆಯ ನೂಲನ್ನು ಗಾಳದ ಕಣ್ಣಿನಿಂದ ಬಾಗಿನವರೆಗೆ ಒತ್ತಾಗಿ ಸುತ್ತುತ್ತಾರೆ. ಬಾಗಿನ ಬಳಿ ಗರಿಯ ಎರಡು ಮೂರು ಎಳೆಗಳನ್ನು ಕಟ್ಟಿದರೆ ಬಾಲವಾಯಿತು. ಮೊಲದ ರೋಮವನ್ನೋ ಉಣ್ಣೆಯನ್ನೋ ನೂಲಿಗೆ ಹೊಸೆದು, ಹಿಂದಿನಿಂದ ಮುಂದಕ್ಕೆ ಸುತ್ತಿದರೆ ಮೈಯಾಯಿತು. ಹಸುರು ಹೊಳಪು ಬೇಕಾದರೆ ನವಿಲುಗರಿಯ ಎಳೆ. ಅದರ ಮೇಲೆ ಜರಿಯ ಎಳೆಯನ್ನು ಬಿಡಿ ಸುತ್ತುಗಳಾಗಿ ಹಾಯಿಸಿದರೆ ಹುಳುವಿನ ಮೈಯ ಗೆರೆಗಳು ಮೂಡುತ್ತವೆ. ಕೊನೆಗೆ ಕೋಳಿಯ ಕೊರಳಿನ ನೀಳವಾದ ಗರಿಯೊಂದನ್ನು ತಲೆಯ ಬಳಿ ಸುತ್ತಿದರೆ ಅದರ ಎಳೆಗಳು ಕಾಲುಗಳಂತೆ ಸುತ್ತಲೂ ನಿಲ್ಲುತ್ತವೆ. ಬೇಕಾದರೆ ರೆಕ್ಕೆ ಕಟ್ಟಿ, ಗಂಟು ಹಾಕಿ, ಗಂಟಿಗೆ ವಾರ್ನಿಷು ಹಚ್ಚುವುದು. ಇಷ್ಟೆಲ್ಲವೂ ಅರ್ಧ ಅಂಗುಲದೊಳಗೆ! ನೇಯ್ಗೆಯವರ ಮಕ್ಕಳ ಕೈಗೆ ಇದು ನಮಗಿಂತ ಬೇಗ ಬರುವುದೆಂದು ನಮ್ಮ ಊಹೆ.

ಹುಂಜದ ಗರಿಯೋ ಹೇಂಟೆಯ ಗರಿಯೋ ಎಂಬುದು ಇಲ್ಲಿ ಸಣ್ಣ ಪ್ರಶ್ನೆಯಲ್ಲ. ಹುಂಜದ ಕೊರಳ ಗರಿ ಬಿರುಸು. ಅದರ ಎಳೆಗಳ ತುದಿಯ ಮೇಲೆ ನೊಣವು ನೀರಿನಲ್ಲಿ ತೇಲುತ್ತದೆ. ಹೇಂಟೆಯ ಗರಿ ಮೃದು. ಅದು ನೀರನ್ನು ಹೀರಿ ಮುಳುಗಿ, ಪ್ರವಾಹದಲ್ಲಿ ಜೀವವಿದ್ದಂತೆ ಮಿಡುಕುತ್ತದೆ. ತೇಲುವ ನೊಣ ಮೇಲೋ, ಮುಳುಗುವ ನೊಣ ಮೇಲೋ ಎಂದು ಆಂಗ್ಲರಲ್ಲಿ ನಮ್ಮ ಮತಾಚಾರ್ಯರ ವಾದಗಳಂತೆಯೇ ವಾದ ನಡೆಯಿತು. 1886ರಲ್ಲಿ ಹ್ಯಾಲ್ಫೋರ್ಡನು ತೇಲುವ ನೊಣದ ಪಕ್ಷವನ್ನು ಹಿಡಿದನು. 1910ರಲ್ಲಿ ಸ್ಕ್ಯೂಸನು, ಮೀನು ಮೇಲಕ್ಕೆ ಬರುವ ಮೊದಲೇ ನೀರಿನೊಳಗಿನ ಮರಿಹುಳುಗಳನ್ನು ತಿನ್ನುವುದೇ ಹೆಚ್ಚೆಂದು ಪ್ರತಿವಾದ ಹೂಡಿದನು. ಸ್ಕ್ಯೂಸನ ಮಾತೇ ನಮಗೆ ಸರಿಯೆನಿಸುತ್ತದೆ. ಒಂದು ದಿನ ರೆಕ್ಕೆ ಬಿಚ್ಚಿ ಸಾಯುವ ಹುಳು ತಿಂಗಳುಗಟ್ಟಲೆ ನೀರಿನ ಅಡಿಯಲ್ಲಿಯೇ ಬಾಳಿರುತ್ತದೆ.

ನೊಣವನ್ನು ಆರಿಸುವವನು ಮೊದಲು ನೀರನ್ನು ಓದಬೇಕು. ಅಂದು ಯಾವ ಹುಳು ಏಳುತ್ತಿದೆ, ಅದರ ಗಾತ್ರವೆಷ್ಟು, ರೆಕ್ಕೆಯನ್ನು ನಿಲ್ಲಿಸಿಕೊಂಡಿದೆಯೋ ಮಡಿಚಿಕೊಂಡಿದೆಯೋ ಎಂಬುದನ್ನು ನೋಡಬೇಕು. ತೇಲುವ ನೊಣವನ್ನು ಮೀನು ಕೆಳಗಿನಿಂದ, ಬೆಳಕಿಗೆ ಎದುರಾಗಿ ನೋಡುವುದರಿಂದ ಬಣ್ಣಕ್ಕಿಂತ ಗಾತ್ರ ಮತ್ತು ಆಕಾರಗಳು ಮುಖ್ಯವೆಂದು ಬಲ್ಲವರು ಹೇಳುವರು. ಎಸೆಯುವುದರಲ್ಲಿಯೂ ಒಂದು ವಿಶೇಷವುಂಟು. ನಮ್ಮ ಗಾಳಕ್ಕೆ ಸೀಸದ ಗುಂಡಿನ ಭಾರವಿರುತ್ತದೆ. ಗರಿಯ ನೊಣಕ್ಕೆ ಭಾರವೇ ಇಲ್ಲ. ಆದುದರಿಂದ ದಾರವನ್ನೇ ದಪ್ಪವಾಗಿ, ತೂಕವಾಗಿ ಮಾಡಿ, ಚಾವಟಿಯಂತೆ ಹಿಂದಕ್ಕೂ ಮುಂದಕ್ಕೂ ಬೀಸಿ, ಅದರ ತುದಿಯಲ್ಲಿ ನೊಣವು ಹೋಗುವಂತೆ ಮಾಡುತ್ತಾರೆ.

ಈ ವಿದ್ಯೆ ಕನ್ನಡನಾಡಿಗೆ ಬಂದ ಬಗೆ ಕುತೂಹಲಕರ. ಮದರಾಸು ಸಿವಿಲ್ ಸರ್ವೀಸಿನವನಾಗಿ ದಕ್ಷಿಣ ಕನ್ನಡದಲ್ಲಿ ಅಧಿಕಾರದಲ್ಲಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಎಂಬಾತನು 1870ರಲ್ಲಿ ಆ ಜಿಲ್ಲೆಯ ಮೀನುಸಾಕಣೆಯ ಮೇಲೆ ಒಂದು ವರದಿಯನ್ನೂ, 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನೂ ಪ್ರಕಟಿಸಿದನು. ಭಾರತದ ಗಾಳದ ವಿಷಯದಲ್ಲಿ ಆಂಗ್ಲರು ಬಹುಕಾಲ ಪ್ರಮಾಣವೆಂದು ಎಣಿಸಿದ ಆ ಪುಸ್ತಕ ಅಚ್ಚಾದುದು ಮಂಗಳೂರಿನಲ್ಲಿ. ಕಿಟ್ಟೆಲರ ನಿಘಂಟು 1894ರಲ್ಲಿ ಹೊರಬಿದ್ದುದೂ ಅದೇ ಪಟ್ಟಣದಿಂದ. ಆಗ ಮಂಗಳೂರೂ ನಮ್ಮ ಮಡಕಶಿರಾ, ರಾಯದುರ್ಗಗಳೂ ಒಂದೇ ಮದರಾಸು ಪ್ರಾಂತ್ಯದವು. ಥಾಮಸನು 1887ರಲ್ಲಿ ಕೆರೆಯ ಗಾಳವನ್ನೇ ಕುರಿತು ಇನ್ನೊಂದು ಪುಸ್ತಕವನ್ನು ಬರೆದನು. ಭಾರತದ ಮೀನುಗಳು ನೊಣಕ್ಕೆ ಬಾಯಿ ಹಾಕವು ಎಂದು ಕೈಚೆಲ್ಲಿದ ದೇಶಬಾಂಧವರಿಗೆ ಅವನು ಕೊಟ್ಟ ಉತ್ತರವೆಂದರೆ, ಊರಿನ ನೊಣವನ್ನು ಬಿಟ್ಟು ಇಲ್ಲಿಯ ಮೀನನ್ನು ನೋಡಿರಿ ಎಂಬುದೇ. ಸಣ್ಣ ಕಣ್ಣಿನ ಬಲೆಗಳಿಂದ ಮರಿಗಳನ್ನು ಬಾಚುವುದನ್ನೂ ಹೊಳೆಗೆ ವಿಷ ಹಾಕುವುದನ್ನೂ ಅವನು ಬಲವಾಗಿ ವಿರೋಧಿಸಿದನು. ವಿಷವನ್ನೂ ಸಿಡಿಮದ್ದನ್ನೂ ನಿಷೇಧಿಸುವ ಭಾರತೀಯ ಮೀನುಗಾರಿಕೆ ಶಾಸನ 1897ರಲ್ಲಿ ಬಂದಿತು.

ನಮ್ಮ ನಾಡು ಈ ವಿದ್ಯೆಯಿಂದ ಪಡೆದುದಕ್ಕಿಂತ ಅದಕ್ಕೆ ಕೊಟ್ಟುದೇ ಹೆಚ್ಚು. ಭಾರತದ ಹೊರಗೆ ಎಲ್ಲಿಯೂ ಸ್ವಾಭಾವಿಕವಾಗಿ ಕಾಣದ ಬೂದು ಕಾಡುಕೋಳಿಯನ್ನು ನಮ್ಮ ಮಕ್ಕಳು ಬಲ್ಲರು. ಅದರ ಕೂಗನ್ನಾದರೂ ಕೇಳಿರುವರು. ಆ ಹುಂಜದ ಕೊರಳ ಗರಿಗಳ ತುದಿಯಲ್ಲಿ ಮೇಣದ ತೊಟ್ಟಿನಂತೆ ಹೊಳೆಯುವ ಹಳದಿ ಚುಕ್ಕೆಗಳಿವೆ. ನೊಣದ ತಲೆಯ ಎರಡೂ ಪಕ್ಕಕ್ಕೆ ಒಂದೊಂದನ್ನು ಕಟ್ಟಿದರೆ ಚಿಕ್ಕ ಮೀನಿನ ಕಣ್ಣೇ. ಸಾಲ್ಮನ್ ಮೀನಿಗಾಗಿ ಬಣ್ಣಬಣ್ಣದ ನೊಣಗಳನ್ನು ಕಟ್ಟುತ್ತಿದ್ದ 19ನೆಯ ಶತಮಾನದ ಆಂಗ್ಲರು ಈ ಗರಿಗೆ ಮರುಳಾದರು. ಸೋಜಿಗವೆಂದರೆ, ಸಾಲ್ಮನ್ ಮೀನು ಮೊಟ್ಟೆಯಿಡಲು ಹೊಳೆಯೇರುವಾಗ ಆಹಾರವನ್ನೇ ತಿನ್ನುವುದಿಲ್ಲ. ಆದುದರಿಂದ ಅಷ್ಟು ಬಣ್ಣ ಮೀನಿಗೆ ಬೇಕಿತ್ತೋ ಕೊಳ್ಳುವವನಿಗೆ ಬೇಕಿತ್ತೋ ಹೇಳುವುದು ಕಷ್ಟ. ನೊಣಗಳಿಗೂ ಅದಕ್ಕಿಂತ ಮಿಗಿಲಾಗಿ ಹೆಂಗಸರ ಟೋಪಿಗಳಿಗೂ ಲೋಕದ ನಾನಾ ಕಡೆಗಳಿಂದ ಹಕ್ಕಿಗಳ ಗರಿ ಲಂಡನ್ನಿಗೆ ಸಾಗಿತು. ಭಾರತ ಸರಕಾರವು 1902ರಲ್ಲಿ ಕಾಡುಹಕ್ಕಿಗಳ ಚರ್ಮ, ಗರಿಗಳ ರಫ್ತನ್ನು ನಿಷೇಧಿಸಿತು. ಬ್ರಿಟನ್ನು ಆಮದನ್ನು ತಡೆಯುವ ಶಾಸನ ಮಾಡಿದುದು 1921ರಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಕಾಡುಕೋಳಿಗೆ ರಕ್ಷಣೆ ಕೊಟ್ಟಿದೆ. ವಿದೇಶಗಳಲ್ಲಿ ಈಗ ಆ ಹಕ್ಕಿಯನ್ನು ಸಾಕಿಯೇ ಗರಿ ಪಡೆಯುತ್ತಾರೆ.

ಆದರೂ ಗರಿಯ ಮೋಹ ಹೋಗಿಲ್ಲ. 2009ರ ಜೂನಿನಲ್ಲಿ ಇಂಗ್ಲೆಂಡಿನ ಟ್ರಿಂಗ್ ವಸ್ತುಸಂಗ್ರಹಾಲಯದಿಂದ ಒಬ್ಬ ತರುಣ ಸಂಗೀತ ವಿದ್ಯಾರ್ಥಿ 299 ಹಕ್ಕಿಗಳ ಒಣಚರ್ಮಗಳನ್ನು ಕದ್ದನು. ಅವುಗಳಲ್ಲಿ ಕೆಲವನ್ನು ಡಾರ್ವಿನ್ನನ ಸಮಕಾಲೀನನಾದ ವ್ಯಾಲೇಸನೇ ಸಂಗ್ರಹಿಸಿದ್ದನು. ಹಳೆಯ ಸಾಲ್ಮನ್ ನೊಣಗಳನ್ನು ಕಟ್ಟುವ ಹವ್ಯಾಸಿಗಳಿಗೆ ಮಾರುವುದಕ್ಕಾಗಿ ಆ ಕಳವು! ಎಲ್ಲಿ, ಯಾವಾಗ ದೊರೆಯಿತೆಂಬ ಚೀಟಿ ಕಿತ್ತುಹೋದ ಚರ್ಮ ವಿಜ್ಞಾನಕ್ಕೆ ಬಹುಮಟ್ಟಿಗೆ ನಿರುಪಯುಕ್ತ.

ಮೀನಿನ ಕಡೆಗೂ ಒಮ್ಮೆ ನೋಡೋಣ. ಕಾವೇರಿಯ ಜನ ಬಿಳಿಮೀನೆಂದು ಕರೆಯುವ ಮಹಸೀರನ್ನು ಥಾಮಸನು ಮನಸಾರೆ ಹೊಗಳಿದನು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡು ತೂಕದ ಮಹಸೀರನ್ನು ಹಿಡಿದರು. ಕಾವೇರಿಯಲ್ಲಿ ಇದಕ್ಕೆ ನೊಣಕ್ಕಿಂತ ಹೆಚ್ಚಾಗಿ ಒಗ್ಗಿದ ಎರೆಯೆಂದರೆ ರಾಗಿಹಿಟ್ಟಿನ ಬೇಯಿಸಿದ ಉಂಡೆ. ಮುದ್ದೆಯುಣ್ಣುವ ನಮಗೆ ಇದು ಸಂತೋಷದ ಸುದ್ದಿಯೇ. ಅಣೆಕಟ್ಟುಗಳು, ಮರಳಿನ ಗಣಿಗಾರಿಕೆ, ಸಿಡಿಮದ್ದು ಇವು ಆ ಮೀನನ್ನು ಕುಗ್ಗಿಸಿದುವು. ಸಾಲದುದಕ್ಕೆ, ಮಹಸೀರನ್ನು ಉಳಿಸುವ ಸದುದ್ದೇಶದಿಂದಲೇ ಲೋಣಾವಳದ ಮೊಟ್ಟೆಕೇಂದ್ರದಲ್ಲಿ ಬೆಳೆಸಿದ ಇನ್ನೊಂದು ಜಾತಿಯ ಮಹಸೀರಿನ ಮರಿಗಳನ್ನು ಕಾವೇರಿಗೆ ಬಿಟ್ಟರು. ನೀಲಿ ಈಜುರೆಕ್ಕೆಯ ಆ ಹೊಸಬರು ಹಬ್ಬಿದಂತೆ ಕಿತ್ತಳೆ ಈಜುರೆಕ್ಕೆಯ, ಗೂನುಬೆನ್ನಿನ ಹಳಬರು ಅಪರೂಪವಾದರು. ಗೂನುಬೆನ್ನಿನ ಈ ಮೀನನ್ನು ಆಂಗ್ಲರು ನೂರಾರು ಚಿತ್ರಗಳಲ್ಲಿ ಹಿಡಿದಿಟ್ಟಿದ್ದರೂ ಅದಕ್ಕೊಂದು ಖಚಿತವಾದ ಶಾಸ್ತ್ರೀಯ ನಾಮ ಇರಲಿಲ್ಲ. 2007ರಲ್ಲಿ ಕೇರಳದ ಪಾಂಬಾರ್ ಹೊಳೆಯಿಂದ ವರ್ಣಿತವಾಗಿದ್ದ ಟಾರ್ ರೆಮಾದೇವಿ ಎಂಬ ಜಾತಿಯೇ ಇದೆಂದು ವಿಜ್ಞಾನಿಗಳು ನಿರ್ಧರಿಸಿದುದು 2018ರಲ್ಲಿ. ಅದೇ ವರ್ಷ ಅದರ ಹೆಸರು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.