ಬೆಂಗಳೂರು ದಂಡು ಪ್ರದೇಶದ ಅಂಗಡಿ-ಮನೆಗಳು

ನೆಲಮಹಡಿಯಲ್ಲಿ ವ್ಯಾಪಾರ ಮಳಿಗೆಯನ್ನೂ ಮೇಲಂತಸ್ತಿನಲ್ಲಿ ವಾಸದ ಮನೆಯನ್ನೂ ಹೊಂದಿರುವ ಕಟ್ಟಡವನ್ನು ಅಂಗಡಿ-ಮನೆ ಎನ್ನಬಹುದು. ಬೆಂಗಳೂರಿನ ದಂಡು ಪ್ರದೇಶದಲ್ಲಿ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲದಲ್ಲಿ (1837–1901) ಮತ್ತು ಅನಂತರದ ಕೆಲವು ದಶಕಗಳಲ್ಲಿ ಇಂತಹ ಕಟ್ಟಡಗಳು ನಿರ್ಮಾಣಗೊಂಡವು. ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟ್ ಮತ್ತು ಹಲಸೂರಿನ ಹಳೆಯ ಪೇಟೆಬೀದಿಗಳು ಇವುಗಳ ಮುಖ್ಯ ನೆಲೆಗಳು.

ಇತಿಹಾಸ

1809ರಲ್ಲಿ ಬ್ರಿಟಿಷ್ ಸೇನೆಯ ನೆಲೆಯು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಸೈನ್ಯಕ್ಕೆ ಬೇಕಾದ ಧಾನ್ಯ, ಬಟ್ಟೆ, ಚರ್ಮದ ಸರಕು ಮುಂತಾದವನ್ನು ಒದಗಿಸಲು ವರ್ತಕರೂ ಕುಶಲಕರ್ಮಿಗಳೂ ಬಂದು ನೆಲೆಸಿದರು. ಇವರಲ್ಲಿ ತಮಿಳು ಮಾತನಾಡುವ ಮುದಲಿಯಾರ್ ಮತ್ತು ಪಿಳ್ಳೈ ಮನೆತನಗಳು, ದಖನಿ ಉರ್ದು ಮಾತನಾಡುವ ಮುಸ್ಲಿಮರು ಹಾಗೂ ಕಛ್ಛಿ ಮೆಮನರು ಸೇರಿದ್ದರು. ನಾರಾಯಣ ಪಿಳ್ಳೈ ಬೀದಿ, ಇಬ್ರಾಹಿಂ ಸಾಹೇಬ್ ಬೀದಿ, ಮೀನಾಕ್ಷಿ ಕೋಯಿಲ್ ಬೀದಿ ಎಂಬ ಹೆಸರುಗಳು ಈ ಮಿಶ್ರ ಜನವಸತಿಗೆ ಇಂದಿಗೂ ಸಾಕ್ಷಿಯಾಗಿವೆ.

ಅಧಿಕಾರಿಗಳ ಬಂಗಲೆಗಳು ವಿಶಾಲ ತೋಟಗಳ ನಡುವೆ ಇದ್ದರೆ, ವರ್ತಕರ ಕೇರಿಗಳು ಇಕ್ಕಟ್ಟಾಗಿ ಬೆಳೆದವು. 1864ರಲ್ಲಿ ಜೋಲಾರಪೇಟೆಯಿಂದ ದಂಡು ನಿಲ್ದಾಣಕ್ಕೆ ರೈಲು ಬಂದ ಮೇಲೆ ಮದರಾಸಿನೊಡನೆ ವ್ಯಾಪಾರ ಸುಲಭವಾಯಿತು. 1881ರಲ್ಲಿ ಮೈಸೂರು ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ಈ ಪ್ರದೇಶವು ಸಿವಿಲ್ ಮತ್ತು ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಬ್ರಿಟಿಷರ ಆಡಳಿತದಲ್ಲೇ ಉಳಿದು, 1947ರಲ್ಲಿ ಮೈಸೂರಿಗೆ ಹಿಂದಿರುಗಿತು.

1898ರ ಪ್ಲೇಗ್ ಮಾರಿಯು ಗಾಳಿ-ಬೆಳಕು ಸಾಲದ ಕೇರಿಗಳ ಅಪಾಯವನ್ನು ತೋರಿಸಿಕೊಟ್ಟಿತು. ದಟ್ಟಣೆಯನ್ನು ಕಡಿಮೆ ಮಾಡಲು 20ನೇ ಶತಮಾನದ ಆರಂಭದಲ್ಲಿ ಫ್ರೇಜರ್ ಟೌನ್‌ನಂತಹ ಬಡಾವಣೆಗಳು ರೂಪುಗೊಂಡವು.

ವಾಸ್ತುಶಿಲ್ಪ

ಈ ಕಟ್ಟಡಗಳು ಸಾಮಾನ್ಯವಾಗಿ ಬೀದಿಯ ಕಡೆಗೆ ಕಿರಿದಾಗಿದ್ದು ಹಿಂದಕ್ಕೆ ಉದ್ದವಾಗಿ ಚಾಚಿರುತ್ತವೆ. ಅಕ್ಕಪಕ್ಕದ ಕಟ್ಟಡಗಳಿಗೆ ಒಂದೇ ಗೋಡೆ ಇರುವುದುಂಟು. ಮುಂಭಾಗದಲ್ಲಿ ಹಲಗೆಗಳನ್ನು ಒಂದೊಂದಾಗಿ ತೆಗೆದಿರಿಸುವ ಬಾಗಿಲಿನ ಮಳಿಗೆ, ಅದರ ಹಿಂದೆ ಉಗ್ರಾಣ, ಒಂದು ಬದಿಯಲ್ಲಿ ಮಹಡಿಗೆ ಹೋಗುವ ಕಡಿದಾದ ಮರದ ಮೆಟ್ಟಿಲು ಕಂಡುಬರುತ್ತವೆ. ನಡುವಿನ ತೆರೆದ ಅಂಗಳವು ಒಳಕೋಣೆಗಳಿಗೆ ಬೆಳಕು ನೀಡುತ್ತದೆ.

ಬೀದಿಗೆ ಮುಖ ಮಾಡಿದ ಮೇಲಂತಸ್ತಿನಲ್ಲಿ ಅರ್ಧವೃತ್ತಾಕಾರದ ಕಮಾನುಗಳು, ಓರೆಪಟ್ಟಿಯ ಮರದ ಕಿಟಕಿಗಳು, ಗಾರೆಯ ಅಲಂಕಾರ ಮತ್ತು ಎರಕದ ಕಬ್ಬಿಣದ ಕಟಕಟೆಯುಳ್ಳ ಉಪ್ಪರಿಗೆ ಇರುತ್ತವೆ. ಹೊರನೋಟದಲ್ಲಿ ಐರೋಪ್ಯ ಶೈಲಿ ಕಂಡರೂ ಅಂಗಳದ ಸುತ್ತಲಿನ ಒಳವಿನ್ಯಾಸ ದೇಶೀಯ ಮನೆಯದೇ. ಸಿಂಗಪುರದ ಅಂಗಡಿ-ಮನೆಗಳಲ್ಲಿಯೂ ಕಿರಿದಾದ ಮುಂಭಾಗ ಮತ್ತು ಒಳಾಂಗಣಗಳಿವೆ. ಆದರೆ ಅಲ್ಲಿ ಕಟ್ಟಡಗಳ ಮುಂದೆ ಪಾದಚಾರಿಗಳಿಗಾಗಿ ಐದಡಿ ಅಗಲದ ಚಾವಣಿಯುಳ್ಳ ಹಾದಿಯನ್ನು ನಿಯಮದಿಂದಲೇ ಕಡ್ಡಾಯಗೊಳಿಸಲಾಗಿತ್ತು.

ಗೋಡೆಗಳನ್ನು ಇಟ್ಟಿಗೆ ಮತ್ತು ಸುಣ್ಣದ ಗಾರೆಯಿಂದ ಕಟ್ಟಲಾಗುತ್ತಿತ್ತು. ಚಾವಣಿಗೆ ಬಳಸಿದ ಮದರಾಸು ತಾರಸಿಯಲ್ಲಿ ಮರದ ತೊಲೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಸುಣ್ಣದ ಗಾರೆಯಿಂದ ಬೆಸೆಯಲಾಗುತ್ತದೆ. ಇಳಿಜಾರು ಮಾಡುಗಳಿಗೆ ಮಂಗಳೂರು ಹೆಂಚನ್ನು ಹೊದಿಸಲಾಗುತ್ತಿತ್ತು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತು.

ಪ್ರಸ್ತುತ ಸ್ಥಿತಿ

ಕುಟುಂಬಗಳು ಬೇರೆಡೆಗೆ ತೆರಳಿದಂತೆ ಅನೇಕ ಮೇಲಂತಸ್ತುಗಳು ಗೋದಾಮುಗಳಾಗಿವೆ ಅಥವಾ ಬೀಗ ಬಿದ್ದಿವೆ. ವಾಸವಿಲ್ಲದ ಮನೆಯಲ್ಲಿ ಮಳೆನೀರಿನ ಸೋರಿಕೆ ಬೇಗ ಗಮನಕ್ಕೆ ಬರುವುದಿಲ್ಲ. ತೊಲೆಯ ತುದಿಗಳು ಗೋಡೆಯೊಳಗೇ ಕೊಳೆಯುತ್ತವೆ. ಸುಣ್ಣದ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಹಾನಿ ಹೆಚ್ಚುತ್ತದೆ. ರಸ್ತೆ ವಿಸ್ತರಣೆಯಾದಾಗ ಮೊದಲು ನಾಶವಾಗುವುದು ಬೀದಿಗೆ ಅಂಟಿಕೊಂಡಿರುವ ಮುಂಭಾಗ.

ಸ್ಮಾರಕ ಸಂರಕ್ಷಣಾ ಕಾಯಿದೆಯ ರಕ್ಷಣೆ ಸಂರಕ್ಷಿತವೆಂದು ಘೋಷಿತವಾದ ಸ್ಮಾರಕಗಳಿಗೆ ಮಾತ್ರ ದೊರೆಯುತ್ತದೆ. ಅರಮನೆ, ದೇವಾಲಯ, ಚರ್ಚುಗಳಂತೆ ಪ್ರಸಿದ್ಧವಲ್ಲದ ಈ ಖಾಸಗಿ ಕಟ್ಟಡಗಳ ಉಳಿವು ಬಹುಮಟ್ಟಿಗೆ ಮಾಲೀಕರ ಇಚ್ಛೆಯನ್ನೇ ಅವಲಂಬಿಸಿದೆ. ದಂಡು ಪ್ರದೇಶದ ಸಾಮಾನ್ಯ ವರ್ತಕರ ಬದುಕನ್ನು ಅರಿಯಲು ಇವು ಮುಖ್ಯ ಆಧಾರಗಳಾಗಿವೆ.