ಪಡ್ರೆಯ ಇಪ್ಪತ್ತು ವರ್ಷ ಮತ್ತು ಒಂದು ಪಿಎಚ್.ಡಿ. ಪ್ರಶ್ನೆ

ಗಡಿನಾಡಿನ ಕನ್ನಡ ಮನೆಗಳಲ್ಲಿ ಈಚೆಗೆ ಹೊಸದೊಂದು ಚರ್ಚೆ ಕೇಳಿಬರುತ್ತಿದೆ. ಗಣಕ ವಿಜ್ಞಾನ ಓದಿದ ಮಗಳೋ, ಬೆಂಗಳೂರಿನ ಕಂಪನಿಯಲ್ಲಿ ನಾಲ್ಕು ವರ್ಷ ದುಡಿದು ಬೇಸತ್ತ ಮಗನೋ ಕೃತಕ ಬುದ್ಧಿಮತ್ತೆಯ ನೀತಿಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುವ ಮಾತು ತೆಗೆಯುತ್ತಾರೆ. ಹಿರಿಯರಿಗೆ ಅದು ಅರ್ಧ ಅರ್ಥವಾಗುತ್ತದೆ. ಯಂತ್ರಕ್ಕೆ ಬುದ್ಧಿ ಕಲಿಸುವ ಕೆಲಸವಾದರೆ ಸಂಬಳವುಂಟು, ಅದರ ನೀತಿ-ಅನೀತಿ ವಿಚಾರಿಸುವವರಿಗೆ ಸಂಬಳ ಕೊಡುವವರು ಯಾರು ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ಲೋಕಜ್ಞಾನವಿಲ್ಲದ ಮಾತೆಂದು ತಳ್ಳಿಹಾಕುವಂತಿಲ್ಲ. ವಿಷಯದ ಮರ್ಮವೇ ಅದರಲ್ಲಿದೆ ಎಂಬುದನ್ನು ನಮ್ಮ ಜಿಲ್ಲೆಯ ಇತಿಹಾಸದ ಒಂದು ಅಧ್ಯಾಯ ತೋರಿಸಿಕೊಡುತ್ತದೆ.

ಆ ಅಧ್ಯಾಯ ಎಂಡೋಸಲ್ಫಾನಿನದು. ಅದರ ಯಾತನೆಯ ಕಥೆಯನ್ನು ಪತ್ರಿಕೆಗಳು, ಛಾಯಾಚಿತ್ರಗಳು, ಅಂಬಿಕಾಸುತನ್ ಮಾಂಗಾಡರ 2009ರ ಮಲಯಾಳ ಕಾದಂಬರಿ ‘ಎಣ್ಮಕಜೆ’ ಎಲ್ಲವೂ ಹೇಳಿವೆ. ನಾನಿಲ್ಲಿ ನೋಡಬಯಸುವುದು ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ಮಗ್ಗುಲನ್ನು, ಅಂದರೆ ಸಂಶೋಧನೆಯ ಕಥೆಯನ್ನು. ಯಾರು ಮೊದಲು ಕಂಡರು, ಕಂಡದ್ದು ಪುರಾವೆಯಾಗಲು ಎಷ್ಟು ಕಾಲ ಹಿಡಿಯಿತು, ನಡುವಿನ ವರ್ಷಗಳಲ್ಲಿ ವಿದ್ವಾಂಸರು ಎಲ್ಲಿದ್ದರು?

1960ರ ದಶಕದಲ್ಲಿ ಸರಕಾರ ನಮ್ಮ ಗುಡ್ಡಗಳಲ್ಲಿ ಬೆಳೆಸಿದ ಗೇರು ತೋಟಗಳು ಮುಂದೆ ಕೇರಳ ಪ್ಲಾಂಟೇಶನ್ ನಿಗಮದ ಕೈಗೆ ಬಂದವು. ಚಿಗುರನ್ನೂ ಹೂವನ್ನೂ ಕರಟಿಸುವ ಟೀ ಸೊಳ್ಳೆಯ ಕಾಟಕ್ಕೆ ಎಂಡೋಸಲ್ಫಾನ್ ಪರಿಹಾರವೆನಿಸಿತು. ಸಾವಿರಾರು ಎಕರೆಗೆ ಕೈಪಂಪಿನಲ್ಲಿ ಸಿಂಪಡಿಸುವುದು ದುಬಾರಿ ಎಂದು ಹೆಲಿಕಾಪ್ಟರ್ ಬಂತು. 1970ರ ದಶಕದ ಕೊನೆಯಲ್ಲಿ ಆರಂಭವಾದ ಈ ವೈಮಾನಿಕ ಸಿಂಪಡಣೆ 2000ದವರೆಗೆ, ವರ್ಷಕ್ಕೆ ಎರಡು ಮೂರು ಬಾರಿಯಂತೆ ನಡೆಯಿತು. ಸಿಂಪಡಣೆಯ ದಿನ ಬಾವಿಗಳನ್ನು ಮುಚ್ಚಿಕೊಳ್ಳಿರೆಂಬ ಸೂಚನೆ ಬರುತ್ತಿತ್ತು.

ಈ ಒಂದು ಸೂಚನೆಯ ಬಳಿ ತುಸು ನಿಲ್ಲಬೇಕು. ಎಣ್ಮಕಜೆ ಪಂಚಾಯತಿನ ಪಡ್ರೆ, ವಾಣೀನಗರ, ಸ್ವರ್ಗದ ಕಡೆ ಹೋದವರಿಗೆ ಗೊತ್ತು: ಅಲ್ಲಿನ ಬಹುಪಾಲು ಮನೆಗಳಿಗೆ ನೀರು ಬರುವುದು ಸುರಂಗಗಳಿಂದ. ಮುರಕಲ್ಲಿನ ಗುಡ್ಡದ ಮಗ್ಗುಲಿಗೆ ಅಡ್ಡಲಾಗಿ ಕೊರೆದ ಸುರಂಗದ ಒಳಗೆ ಜಿನುಗುವ ಒರತೆ ತಾನಾಗಿ ಹೊರಗೆ ಹರಿದು ಮನೆಯಂಗಳದ ಕೆರೆ ಸೇರುತ್ತದೆ. ಗುಡ್ಡದ ನೆತ್ತಿಯ ಮೇಲೆ ಬಿದ್ದದ್ದೇ ಮಳೆಯೊಡನೆ ಇಳಿದು ಸುರಂಗದ ನೀರಾಗುವುದು. ಬಾವಿಗೆ ಮುಚ್ಚಿಗೆ ಹಾಕಬಹುದು. ಗುಡ್ಡಕ್ಕೆ ಹಾಕುವುದು ಹೇಗೆ? ನಿಯಮ ಬರೆದವರ ಕಣ್ಣಮುಂದೆ ಬಯಲುಸೀಮೆಯ ಸಮತಟ್ಟಾದ ಹೊಲವೂ ದುಂಡನೆಯ ಬಾವಿಯೂ ಇದ್ದಿರಬೇಕು. ಗಿಡದ ತುದಿಯಿಂದ ಎರಡು ಮೂರು ಮೀಟರ್ ಎತ್ತರದಲ್ಲಿ ಹಾರಬೇಕೆಂಬ ಇನ್ನೊಂದು ನಿಯಮವೂ ನಮ್ಮ ಏರುತಗ್ಗುಗಳಲ್ಲಿ ಕಾಗದದಲ್ಲೇ ಉಳಿಯಿತು. ತಂತ್ರಜ್ಞಾನ ಒಂದೆಡೆ ರೂಪುಗೊಂಡು ಇನ್ನೊಂದೆಡೆ ಪ್ರಯೋಗವಾಗುವಾಗ ನಡುವೆ ಜಾರಿಹೋಗುವುದು ಇಂಥ ಸ್ಥಳೀಯ ಸಂಗತಿಗಳೇ.

ಮೊದಲು ಕಂಡವರು ರೈತರು. ಕಾಲು ತಿರುಚಿಕೊಂಡು ಹುಟ್ಟಿದ ಕರುಗಳ ಸುದ್ದಿಯನ್ನು ಸ್ವತಃ ಕೃಷಿಕರಾದ ಪತ್ರಕರ್ತ ಶ್ರೀ ಪಡ್ರೆಯವರು 1980ರ ಆಸುಪಾಸಿನಲ್ಲೇ ಬರೆದರು. 1982ರಲ್ಲಿ ವಾಣೀನಗರದಲ್ಲಿ ಚಿಕಿತ್ಸಾಲಯ ತೆರೆದ ಡಾ. ವೈ. ಎಸ್. ಮೋಹನ್ ಕುಮಾರರಿಗೆ, ಒಂದೇ ಕಿರಿದಾದ ಪ್ರದೇಶದಲ್ಲಿ ಇಷ್ಟೊಂದು ಅಪಸ್ಮಾರ, ಮನೋವೈಕಲ್ಯ, ಹುಟ್ಟಿನಿಂದ ಬಂದ ಅಂಗವೈಕಲ್ಯ, ಕ್ಯಾನ್ಸರ್ ಏಕೆಂಬ ಸಂದೇಹ ಹುಟ್ಟಿತು. ಅವರಿಗೂ ಕಾರಣ ಒಮ್ಮೆಗೇ ಹೊಳೆಯಲಿಲ್ಲ. ಒಬ್ಬ ಹಳ್ಳಿ ವೈದ್ಯರಲ್ಲಿ ರಕ್ತದ ವಿಷಾಂಶ ಅಳೆಯುವ ಯಂತ್ರವಿಲ್ಲ, ಸಹಾಯಕರಿಲ್ಲ, ಅನುದಾನವಿಲ್ಲ. 1990ರ ದಶಕದಲ್ಲಿ ಅವರು ವೈದ್ಯಕೀಯ ಪತ್ರಿಕೆಯಲ್ಲಿ ತಾವು ಕಂಡದ್ದನ್ನು ಬರೆದು, ಬಲ್ಲವರು ಬಂದು ಅಧ್ಯಯನ ಮಾಡಲೆಂದು ಬಯಸಿದರು. ದಕ್ಷಿಣದಲ್ಲಿ, ಪೆರಿಯದ ಕಡೆ, ಕೃಷಿ ಇಲಾಖೆಯ ನೌಕರಳಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಿಂದ ಸಿಂಪಡಣೆಗೆ ತಡೆ ತಂದರು.

ಪತ್ರಕರ್ತ, ವೈದ್ಯ, ಇಲಾಖೆಯ ನೌಕರಳು, ಈ ಮೂವರಲ್ಲಿ ಯಾರೂ ಸಂಶೋಧಕರಲ್ಲ. ವಿಶ್ವವಿದ್ಯಾಲಯಗಳು ದೇಶದಲ್ಲಿ ಇರಲಿಲ್ಲವೆ? ಇದ್ದವು. ಕಾಸರಗೋಡಿನ ಸರಕಾರಿ ಕಾಲೇಜು 1957ರಿಂದಲೇ ಇತ್ತು. ಆದರೆ ಸಿಂಪಡಣೆಗೆ ಮೊದಲು ಈ ಊರುಗಳ ಆರೋಗ್ಯ ಹೇಗಿತ್ತೆಂದು ಯಾರೂ ದಾಖಲಿಸಿರಲಿಲ್ಲ. ಹೋಲಿಕೆಗೆ ಹಿಂದಿನ ಅಂಕಿಅಂಶವಿಲ್ಲದಿದ್ದರೆ ಹಾನಿಯನ್ನು ಸಾಧಿಸುವ ಹೊರೆ ಹಾನಿಗೊಳಗಾದವರ ಮೇಲೇ ಬೀಳುತ್ತದೆ.

2001ರಲ್ಲಿ ಎಲ್ಲವೂ ಒಟ್ಟಿಗೆ ನಡೆದವು. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆಂಡ್ ಎನ್ವಿರಾನ್‌ಮೆಂಟ್ ಪಡ್ರೆಯ ನೀರು, ಮಣ್ಣು, ರಕ್ತದ ಮಾದರಿಗಳಲ್ಲಿ ಎಂಡೋಸಲ್ಫಾನ್ ಅತಿ ಪ್ರಮಾಣದಲ್ಲಿದೆಯೆಂದು ಪ್ರಕಟಿಸಿತು. ತೋಟದ ಒಡೆತನದ ನಿಗಮವು ನೇಮಿಸಿದ ಸಂಸ್ಥೆಯ ವರದಿ ಇದಕ್ಕೆ ವಿರುದ್ಧವಾಗಿತ್ತು. ಪತ್ರಿಕಾವರದಿಯ ಆಧಾರದಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಾನಾಗಿ ಪ್ರಕರಣ ಎತ್ತಿಕೊಂಡಿತು. ಆ ಮೂಲಕ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ನಮ್ಮ ಊರಿಗೆ ಬಂದರು. ಗೇರು ಗುಡ್ಡದ ಬುಡದ ಪಡ್ರೆಯ 117 ಶಾಲಾ ಹುಡುಗರನ್ನೂ ಸಿಂಪಡಣೆಯಿಲ್ಲದ ಮೀಂಜದ 90 ಹುಡುಗರನ್ನೂ ಹೋಲಿಸಿ ನೋಡಿದಾಗ ಪಡ್ರೆಯ ಹುಡುಗರಲ್ಲಿ ಪ್ರಾಯಕ್ಕೆ ಬರುವುದು ತಡವಾಗಿತ್ತು. ಸಿಂಪಡಣೆ ನಿಂತು ಹತ್ತು ತಿಂಗಳಾದ ಮೇಲೂ ಅವರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಾಗಿತ್ತು. ಈ ಪ್ರಬಂಧ 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಕೀಟನಾಶಕ ಉದ್ಯಮ ಅದನ್ನು ಅಲ್ಲಗಳೆಯಿತು. ಕೇಂದ್ರ ಕೃಷಿ ಸಚಿವಾಲಯದ ಸಮಿತಿ ರೋಗಕ್ಕೂ ವಿಷಕ್ಕೂ ಸಂಬಂಧ ಸಿದ್ಧವಾಗಿಲ್ಲವೆಂದಿತು. ಮುಂದೆ 2011ರ ಏಪ್ರಿಲಿನಲ್ಲಿ ಜಿನೀವಾದ ಸಭೆಯಲ್ಲಿ ಎಂಡೋಸಲ್ಫಾನ್ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಸೇರಿತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ತಡೆಯಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಆದೇಶಿಸಿತು.

ಕರುವಿನ ಕಾಲು ಕಂಡಲ್ಲಿಂದ ಪ್ರಬಂಧ ಅಚ್ಚಾಗುವವರೆಗೆ ಇಪ್ಪತ್ತಕ್ಕೂ ಮಿಕ್ಕಿದ ವರ್ಷಗಳು. ಆ ಅವಧಿಯಲ್ಲಿ ಕೊರತೆಯಾದದ್ದು ಕನಿಕರವೋ ಪ್ರತಿಭಟನೆಯೋ ಅಲ್ಲ; ಕಂಡದ್ದನ್ನು ಕ್ರಮಬದ್ಧವಾಗಿ ಪ್ರಶ್ನೆಯಾಗಿಸಿ ಅಳೆಯಬಲ್ಲ, ನಿಗಮದ ಹಂಗಿಲ್ಲದ ಒಬ್ಬ ಅಧ್ಯಯನಶೀಲನ ಕೊರತೆ. ತಾನು ಮಾಡುವ ಸಂಶೋಧನೆಗೆ ಬೆಲೆಯಿದೆಯೆ ಎಂದು ಹಿಂಜರಿಯುವ ಇಂದಿನ ವಿದ್ಯಾರ್ಥಿ ಈ ಲೆಕ್ಕವನ್ನು ನೋಡಬೇಕು.

ಕೃತಕ ಬುದ್ಧಿಮತ್ತೆಯೂ ಹಾಗೆಯೇ ದೂರದಲ್ಲಿ ರೂಪುಗೊಂಡು ನಮ್ಮ ತಲೆಯ ಮೇಲೆ ಹಾರತೊಡಗಿದೆ. ಅದನ್ನು ವಿಷಕ್ಕೆ ಸಮನೆನ್ನುವುದು ಅನ್ಯಾಯವಾದೀತು; ಅದರಿಂದ ಆಗುವ ಉಪಕಾರ ದೊಡ್ಡದು, ಕನ್ನಡಕ್ಕೂ ಆಗುತ್ತಿದೆ. ಹೋಲಿಕೆ ಇರುವುದು ನಿರ್ಧಾರದ ರೀತಿಯಲ್ಲಿ. ನೆರೆಯ ತೆಲಂಗಾಣದಲ್ಲಿ 2016ರಿಂದ ರದ್ದಾದ ಸುಮಾರು 19 ಲಕ್ಷ ಪಡಿತರ ಚೀಟಿಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಆದೇಶಿಸಬೇಕಾಯಿತು. ಗಣಕದ ಲೆಕ್ಕಾಚಾರ ಅನರ್ಹರೆಂದದ್ದೇ ರದ್ದತಿಗೆ ಆಧಾರವಾಗಿತ್ತು. ಅಮೆರಿಕೆಯಲ್ಲಿ ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು 2018ರಲ್ಲಿ ತೋರಿಸಿಕೊಟ್ಟಂತೆ, ಮುಖ ನೋಡಿ ಗಂಡೋ ಹೆಣ್ಣೋ ಎನ್ನುವ ತಂತ್ರಾಂಶಗಳು ಬಿಳಿಯ ಗಂಡಸರಲ್ಲಿ ಶೇ. 1ರಷ್ಟೂ ತಪ್ಪುತ್ತಿರಲಿಲ್ಲ, ಕಪ್ಪು ಹೆಂಗಸರಲ್ಲಿ ಒಂದು ತಂತ್ರಾಂಶದ ತಪ್ಪು ಶೇ. 34.7ಕ್ಕೆ ಏರಿತ್ತು. ಬುಲಮ್ವಿನಿ ಆಗ ವಿದ್ಯಾರ್ಥಿನಿ. ತನ್ನ ಮುಖವನ್ನೇ ಯಂತ್ರ ಗುರುತಿಸದಿದ್ದುದು ಆಕೆಯ ಸಂಶೋಧನೆಗೆ ಹಾದಿಯಾಯಿತು. ಕಂಡವರೂ ಅಳೆದವರೂ ಒಬ್ಬರೇ ಆದಾಗ ಇಪ್ಪತ್ತು ವರ್ಷ ಬೇಕಾಗುವುದಿಲ್ಲ.

ಕೆಲಸ ಕೊಡುವವರು ಯಾರೆಂಬ ಹಿರಿಯರ ಪ್ರಶ್ನೆಗೂ ಉದಾಹರಣೆ ಇಲ್ಲೇ ಇದೆ. ಅದೇ ಗೆಬ್ರು ಬಳಿಕ ಗೂಗಲ್‌ನ ನೀತಿ ವಿಭಾಗದಲ್ಲಿದ್ದರು. ಬೃಹತ್ ಭಾಷಾ ಮಾದರಿಗಳ ಅಪಾಯದ ಕುರಿತ ಒಂದು ಪ್ರಬಂಧದ ವಿವಾದದಲ್ಲಿ 2020ರ ಡಿಸೆಂಬರಿನಲ್ಲಿ ಹೊರಬಂದರು. ತನ್ನನ್ನು ತೆಗೆದುಹಾಕಿದರೆಂದು ಅವರೂ, ಅದು ರಾಜೀನಾಮೆಯೆಂದು ಕಂಪನಿಯೂ ಹೇಳಿದವು. ನಮ್ಮಲ್ಲಿ ಮದ್ರಾಸಿನ ಐಐಟಿ 2023ರಲ್ಲಿ ಜವಾಬ್ದಾರಿಯುತ ಕೃತಕ ಬುದ್ಧಿಮತ್ತೆಗೆಂದೇ ಕೇಂದ್ರ ತೆರೆದಾಗ ಗೂಗಲ್ 10 ಲಕ್ಷ ಡಾಲರ್ ನೀಡಿತು. ಹಣ ಪಡೆದ ಮಾತ್ರಕ್ಕೆ ಸಂಶೋಧನೆ ಕಲುಷಿತವೆಂದು ನಾನು ಹೇಳಲಾರೆ. ಆದರೆ 2001ರ ಎರಡು ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಜಿಲ್ಲೆಯವರು ಮಾರ್ಗದರ್ಶಕರ ಹೆಸರಿನೊಂದಿಗೆ ಅನುದಾನದ ಮೂಲವನ್ನೂ ಕೇಳಿಕೊಂಡೇ ಸೇರಬೇಕು. ಯುಜಿಸಿಯ ಕಿರಿಯ ಸಂಶೋಧನಾ ವೇತನ 2023ರಿಂದ ತಿಂಗಳಿಗೆ 37,000 ರೂಪಾಯಿ. ಬೆಂಗಳೂರಿನ ಸಂಬಳದ ಮುಂದೆ ಸಣ್ಣದು. ಆದರೆ ಅದನ್ನು ಪಡೆದವರು ಯಾವ ಕಂಪನಿಗೂ ಋಣಿಯಲ್ಲ. ಪದವಿಗೆ ಮೂರರಿಂದ ಆರು ವರ್ಷ ಬೇಕು; ಮನೆಯ ಸಾಲವಿರುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳುವುದು ಒಳಿತು.

ಪದವಿಯೇ ಬೇಕೆ ಎಂಬ ಮಾತೂ ಉಂಟು. ಮಂಜೇಶ್ವರದ ಗೋವಿಂದ ಪೈಗಳು ಬಿ.ಎ. ಪರೀಕ್ಷೆಯ ಹೊತ್ತಿಗೆ ತಂದೆಯನ್ನು ಕಳೆದುಕೊಂಡು ಪದವಿ ಪೂರೈಸದೆ ಊರಿಗೆ ಮರಳಿದವರು. ಅವರ ಪಾಂಡಿತ್ಯಕ್ಕೆ ಯಾವ ವಿಶ್ವವಿದ್ಯಾಲಯದ ಮುದ್ರೆಯೂ ಬೇಕಾಗಲಿಲ್ಲ. ಕಾರಡ್ಕದ ಕೆ. ವಿ. ತಿರುಮಲೇಶರು ಭಾಷಾವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಹೈದರಾಬಾದಿನಲ್ಲಿ ಪ್ರಾಧ್ಯಾಪಕರಾದರು. ಎರಡು ದಾರಿಗಳೂ ನಮ್ಮ ನೆಲದವೇ. ಆದರೆ ಶಾಸನಗಳನ್ನು ಓದಲು ಪೈಗಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇಂದು ಸರಕಾರದ ದತ್ತಾಂಶ ಕೇಳಲು, ನ್ಯಾಯಾಲಯದಲ್ಲಿ ತಜ್ಞಸಾಕ್ಷಿ ನುಡಿಯಲು ಪದವಿಯ ಬಲ ಬೇಕಾಗುತ್ತದೆ. ಆ ಮಟ್ಟಿಗೆ ನಾನು ಪಿಎಚ್.ಡಿ.ಯ ಪರ.

ಆದರೆ ವಿಷಯ? ಎಂಡೋಸಲ್ಫಾನ್ ಕಥೆಯ ಕೊನೆಯ ಭಾಗ ವಿಷದ್ದಲ್ಲ, ಪಟ್ಟಿಯದು. ಯಾರು ಸಂತ್ರಸ್ತರು, ಯಾರು ಅಲ್ಲ? ವೈದ್ಯಕೀಯ ಶಿಬಿರಗಳು ನಡೆದವು, ಪಟ್ಟಿಗಳು ಬಂದವು, 2017ರ ಶಿಬಿರದ ಪಟ್ಟಿಯಿಂದ ಹೊರಗುಳಿದವರ ಹೋರಾಟ ವರ್ಷಗಟ್ಟಲೆ ಸಾಗಿತು. 2019ರ ಆರಂಭದಲ್ಲಿ ತಾಯಂದಿರು ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಉಪವಾಸ ಕೂತರು. ಆ ಪಟ್ಟಿಗಳನ್ನು ಮನುಷ್ಯರು ಮಾಡಿದ್ದರು, ಮನುಷ್ಯರ ಎದುರು ಕೂತು ಕೇಳಬಹುದಿತ್ತು. ಮುಂದಿನ ಪಟ್ಟಿಗಳನ್ನು ಯಂತ್ರ ಮಾಡಲಿದೆ. ನಮ್ಮಲ್ಲಿ ಒಬ್ಬರ ಹೆಸರು ಕನ್ನಡ ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಮಲಯಾಳದಲ್ಲಿ ಅಚ್ಚಾದ ಪಡಿತರ ಚೀಟಿಯಲ್ಲಿ ಇನ್ನೊಂದು ಬಗೆ, ಆಧಾರಿನ ಇಂಗ್ಲಿಷಿನಲ್ಲಿ ಮತ್ತೊಂದು ಬಗೆ. ಮನೆಮಾತು ತುಳುವೋ ಬ್ಯಾರಿಯೋ ಹವ್ಯಕ ಕನ್ನಡವೋ ಆಗಿದ್ದರೆ ಹೇಳಿದ ಹೆಸರೂ ಬರೆದ ಹೆಸರೂ ಬೇರೆ. ಈ ಮೂರನ್ನೂ ಹೊಂದಿಸಿ ಒಬ್ಬರೇ ಹೌದೋ ಅಲ್ಲವೋ ಎಂದು ಯಂತ್ರ ತೀರ್ಮಾನಿಸುವಾಗ ಅದರ ತಪ್ಪು ಎಣ್ಮಕಜೆಯಲ್ಲಿ ಎಷ್ಟು, ಎರ್ನಾಕುಲಂನಲ್ಲಿ ಎಷ್ಟು? ಬೋಸ್ಟನ್ನಿನಲ್ಲೋ ಬೆಂಗಳೂರಿನಲ್ಲೋ ಕೂತವರಿಗೆ ಈ ಪ್ರಶ್ನೆ ಹೊಳೆಯುವುದು ಕಷ್ಟ. ಮೂರು ಲಿಪಿಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಅದು ಬಾಲ್ಯದ ಅನುಭವ.

1982ರಲ್ಲಿ ವಾಣೀನಗರದ ಚಿಕಿತ್ಸಾಲಯ ಇದ್ದ ಜಾಗದಲ್ಲಿ ಇಂದು ಇರುವುದು ಅಕ್ಷಯ ಕೇಂದ್ರಗಳೆಂದು ನನಗೆ ತೋರುತ್ತದೆ. ಯಾರ ಅರ್ಜಿ ಹೆಸರು ಹೊಂದದೆ ಮರಳಿತು, ಯಾವ ಮುದುಕಿಯ ಬೆರಳಚ್ಚನ್ನು ಯಂತ್ರ ಒಪ್ಪಲಿಲ್ಲ ಎಂಬುದು ಪೆರ್ಲದಲ್ಲೋ ಬದಿಯಡ್ಕದಲ್ಲೋ ಗಣಕದ ಮುಂದೆ ಕೂತವರಿಗೆ ದಿನವೂ ಕಾಣುತ್ತದೆ. ಅವರು ಅದನ್ನು ಬರೆದಿಡುವುದಿಲ್ಲ. ಅದು ಅವರ ಕೆಲಸವೂ ಅಲ್ಲ. ಪಿಎಚ್.ಡಿ.ಗೆ ಅರ್ಜಿ ಹಾಕಬೇಕೋ ಬೇಡವೋ ಎಂದು ತೂಗುತ್ತಿರುವವರು ಒಂದು ತಿಂಗಳ ಮಟ್ಟಿಗೆ ಆ ಕೇಂದ್ರದ ಬೆಂಚಿನಲ್ಲಿ, ಒಪ್ಪಿಗೆ ಕೊಟ್ಟವರ ಪ್ರಕರಣಗಳನ್ನಷ್ಟೇ ಟಿಪ್ಪಣಿ ಮಾಡುತ್ತ ಕೂರಲಿ. ಪುಸ್ತಕ ತುಂಬಿದರೆ ಅರ್ಜಿಯೊಡನೆ ಕಳಿಸಬೇಕಾದ ಸಂಶೋಧನಾ ಪ್ರಸ್ತಾವನೆಯ ಅರ್ಧ ಭಾಗ ಅಲ್ಲಿಯೇ ಸಿದ್ಧವಾಗಿರುತ್ತದೆ. ಉಳಿದರ್ಧಕ್ಕೆ, ಮೀಂಜದ ಆ 90 ಹುಡುಗರಂತೆ, ಹೋಲಿಸಿ ನೋಡಲು ಇನ್ನೊಂದು ಊರು ಬೇಕು.