ಬೆಂಗಳೂರು ನಗರದಲ್ಲಿ ದೈನಂದಿನ ಪ್ರಯಾಣ ವಿಧಾನದ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಬೆಂಗಳೂರು ನಗರದ ನಿವಾಸಿಗಳು ದಿನನಿತ್ಯದ ಪ್ರಯಾಣ ವಿಧಾನವನ್ನು ಮುಖ್ಯವಾಗಿ ವೆಚ್ಚ, ಸಮಯ ಹಾಗೂ ಮನೆಯಿಂದ ನಿಲ್ದಾಣಕ್ಕಿರುವ ದೂರವನ್ನು ಆಧರಿಸಿ ಆಯ್ಕೆ ಮಾಡಿಕೊಳ್ಳುತ್ತಾರೆ.

1. ಬಸ್ಸು: 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯನ್ವಯ, ರಾಜ್ಯದ ನಿವಾಸಿ ಮಹಿಳೆಯರಿಗೆ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣವು ಉಚಿತವಾಗಿರುತ್ತದೆ. ರಾಜ್ಯದ ವಿಳಾಸವುಳ್ಳ ಗುರುತಿನ ಚೀಟಿಯನ್ನು ತೋರಿಸಿ ಶೂನ್ಯ ದರದ ಟಿಕೆಟ್ ಪಡೆಯತಕ್ಕದ್ದು. ಹವಾನಿಯಂತ್ರಿತ ವಜ್ರ ಹಾಗೂ ವಾಯುವಜ್ರ ಬಸ್ಸುಗಳಿಗೆ ಈ ಸೌಲಭ್ಯವು ಅನ್ವಯಿಸುವುದಿಲ್ಲ.

2. ನಮ್ಮ ಮೆಟ್ರೋ: ಪ್ರತ್ಯೇಕ ಮಾರ್ಗದಲ್ಲಿ ಸಂಚರಿಸುವುದರಿಂದ ರಸ್ತೆ ದಟ್ಟಣೆಯ ಅಡಚಣೆ ಇರುವುದಿಲ್ಲ. 2025ರ ಫೆಬ್ರವರಿ 9ರ ಪರಿಷ್ಕರಣೆಯಲ್ಲಿ ಕನಿಷ್ಠ ದರ ರೂ. 10 ಹಾಗೂ ಗರಿಷ್ಠ ದರ ರೂ. 90 ಎಂದು ನಿಗದಿಪಡಿಸಲಾಯಿತು. ಶಕ್ತಿ ಯೋಜನೆಯು ಮೆಟ್ರೋಗೆ ಅನ್ವಯಿಸುವುದಿಲ್ಲ.

3. ಆಟೋರಿಕ್ಷಾ: 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ದರದಂತೆ ಮೊದಲ 2 ಕಿ.ಮೀ.ಗೆ ರೂ. 36 ಹಾಗೂ ನಂತರದ ಪ್ರತಿ ಕಿ.ಮೀ.ಗೆ ರೂ. 18.

ವಿಶೇಷ ಸೂಚನೆ: ಮೆಟ್ರೋ ನಿಲ್ದಾಣಕ್ಕೆ ಹೋಗಿಬರಲು ಮಾತ್ರ ಆಟೋರಿಕ್ಷಾ ಬಳಸಿದರೂ ಮೇಲ್ಕಂಡ ಕನಿಷ್ಠ ದರದಲ್ಲಿ ದಿನಕ್ಕೆ ರೂ. 72, ತಿಂಗಳ 25 ಕೆಲಸದ ದಿನಗಳಿಗೆ ರೂ. 1,800 ವೆಚ್ಚವಾಗುತ್ತದೆ. ಇದು ಮೆಟ್ರೋ ದರವನ್ನೇ ಮೀರಬಹುದು. ಆದುದರಿಂದ ಸಾರ್ವಜನಿಕರು ಟಿಕೆಟ್ ದರವನ್ನಷ್ಟೇ ಹೋಲಿಸದೆ, ಮನೆಬಾಗಿಲಿನಿಂದ ಕೆಲಸದ ಸ್ಥಳದವರೆಗಿನ ಒಟ್ಟು ವೆಚ್ಚವನ್ನು ಲೆಕ್ಕಹಾಕಿ, ನಿಲ್ದಾಣಕ್ಕೆ ಬಸ್ ಸಂಪರ್ಕವಿದ್ದಲ್ಲಿ ಅದನ್ನು ಬಳಸಿಕೊಳ್ಳಲು ಕೋರಲಾಗಿದೆ.